ಹತ್ತನೇ ಕ್ಲಾಸ್ ಆಯ್ತು, ಮುಂದೆ ಕ್ಯಾಥೋಲಿಕ್ ಶಾಲೆನಾ?

ಎಸ್ಸೆಸ್ಸೆಲ್ಸಿ ಮುಗೀತು. ತಿಕೋಟಾ, ಬಬಲೇಶ್ವರದ ಪಾಲಕರೇ, ವಿಜಯಪುರದ ಕ್ಯಾಥೋಲಿಕ್ ಶಾಲೆಗೆ ಹೋಗಿ ಮೊದಲು ಇದನ್ನ ಕೇಳ್ರಿ: ಇಲ್ಲಿ ಪಿಯುಸಿ ಇದೆಯಾ? ನಮ್ಮಲ್ಲಿ ಹೈಸ್ಕೂಲು ಹತ್ತಕ್ಕೆ ಮುಗಿಯುತ್ತೆ. ಪಿಯು ಕಾಲೇಜಿಗೆ ಬೇರೆಯೇ ಮಾನ್ಯತೆ ಬೇಕು. ಸಿಬಿಎಸ್‌ಇ ಆದ್ರೆ, ಹನ್ನೆರಡರವರೆಗೆ ಅನುಮತಿ ಇದೆಯಾ ನೋಡ್ರಿ.

ಕ್ಯಾಥೋಲಿಕ್ ಚರ್ಚಿನ ಆಡಳಿತದಲ್ಲಿ ನಮ್ಮ ಜಿಲ್ಲೆ 2005ರಲ್ಲಿ ರಚನೆಯಾದ ಕಲಬುರಗಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ಕ್ರೈಸ್ತರಂಥ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದ್ದು ಸಂವಿಧಾನದ 30ನೇ ವಿಧಿ.

‘ನಮ್ಮ ಹುಡುಗಿ ಅವರ ಪ್ರಾರ್ಥನೆಗೆ ಕೂಡಲೇಬೇಕಾ?’ ಈ ಅಳುಕು ಬಹಳ ಮನೆಗಳಲ್ಲಿದೆ. ಕಡ್ಡಾಯ ಇಲ್ಲ. 28(3)ನೇ ವಿಧಿ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆ ಅಪ್ರಾಪ್ತ ಮಕ್ಕಳನ್ನು ಧಾರ್ಮಿಕ ಬೋಧನೆಗೆ, ಪೂಜೆಗೆ ಕೂಡಿಸಬೇಕಾದ್ರೆ ಪಾಲಕರ ಒಪ್ಪಿಗೆ ಬೇಕು. ಆ ಒಪ್ಪಿಗೆ ನಿಮ್ಮ ಕೈಯಲ್ಲಿದೆ.

ದೂರ ಅಂತ ಮಗಳನ್ನ ಮನೆಯಲ್ಲಿ ಕೂಡಿಸಬೇಡ್ರಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ: ಸಾಮಾನ್ಯ ಸರ್ಕಾರಿ ಬಸ್ ಹತ್ತಿ ಆಧಾರ್ ತೋರಿಸಿದ್ರೆ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಕೊಡ್ತಾರೆ. ಹುಡುಗರಿಗೆ ರಿಯಾಯಿತಿ ಪಾಸ್ ಸಿಗುತ್ತೆ.

ಫೀಸು ಕಟ್ಟುವ ಮುಂಚೆ ಮಾನ್ಯತೆ ಪತ್ರ ತೋರಿಸಿ ಅಂತ ಕೇಳ್ರಿ. ಸಂಕೋಚ ಬೇಡ.