ಹಾಲಿಗೆ ಜನರೇಟರ್ ಇದೆ, ಪಕ್ಕದ ಮನೆಯ ಅಜ್ಜಿಗೆ?

ಹಾಲು ಉತ್ಪಾದಕ ಸಹೋದರಿಯರೇ,

ಗಾಳಿಮಳೆಯ ಸಂಜೆ, ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುವುದು ನಮಗೆ ಹೊಸದಲ್ಲ. ಟಾರ್ಚ್ ಬೆಳಕಿನಲ್ಲೇ ಕರೆದು, ಕ್ಯಾನು ಹಿಡಿದು ಡೇರಿಗೆ ಬರುತ್ತೀರಿ. ಅಲ್ಲಿ ಬಲ್ಕ್ ಕೂಲರ್ ಇದ್ದರೆ ಜನರೇಟರ್ ಆಗಲೇ ಶುರುವಾಗಿರುತ್ತದೆ. ಹಾಲು ತಣ್ಣಗಾಗದಿದ್ದರೆ ಕೆಡುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ಅದೇ ಬೀದಿಯಲ್ಲಿ ಆಕ್ಸಿಜನ್ ಯಂತ್ರದ ಮೇಲೆ ಉಸಿರಾಡುವ ಅಜ್ಜಿ ಇದ್ದರೆ, ಆ ಮನೆಗೆ ಏನು ವ್ಯವಸ್ಥೆ?

ಯಾರ ಮನೆ ಮೊದಲು?

ಮನೆಯಲ್ಲಿ ಆಕ್ಸಿಜನ್ ಯಂತ್ರ, ನೆಬ್ಯುಲೈಸರ್ ಬಳಸುವವರು, ಇನ್ಸುಲಿನ್ ತೆಗೆದುಕೊಳ್ಳುವವರು, ಹಾಸಿಗೆ ಹಿಡಿದವರು, ಬಾಣಂತಿ ಮತ್ತು ಹಸುಗೂಸು, ಒಂಟಿಯಾಗಿರುವ ವೃದ್ಧರು ಇದ್ದರೆ ಆ ಮನೆಗಳಿಗೆ ಕರೆಂಟ್ ಹೋಗುವುದು ಬರೀ ಕತ್ತಲೆಯ ಮಾತಲ್ಲ. ಇಂಥ ಮನೆಗಳು ಯಾವುವೆಂದು ನಿಮಗಿಂತ ಚೆನ್ನಾಗಿ ಬೇರೆಯವರಿಗೆ ಗೊತ್ತಿರಲಾರದು. ದಿನಕ್ಕೆ ಎರಡು ಸಲ ಡೇರಿಯಲ್ಲಿ ಸೇರುವವರು ನೀವೇ.

ಇನ್ವರ್ಟರ್ ಎಷ್ಟು ಹೊತ್ತು?

ಲೆಕ್ಕ ಸುಲಭ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಅದರಲ್ಲಿ ಕೈಗೆ ಸಿಗುವುದು ಸುಮಾರು ಮೂರನೇ ಎರಡು ಭಾಗ. ನಿಮಿಷಕ್ಕೆ 5 ಲೀಟರ್ ಕೊಡುವ ಆಕ್ಸಿಜನ್ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ. ಎಂದರೆ ಹೊಸ ಬ್ಯಾಟರಿಯಲ್ಲೂ ಮೂರರಿಂದ ನಾಲ್ಕು ಗಂಟೆ ಮಾತ್ರ. ಟಿವಿ, ಎರಡು ಫ್ಯಾನು ಅದೇ ಲೈನಿನಲ್ಲಿದ್ದರೆ ಇನ್ನೂ ಕಡಿಮೆ. ಆದ್ದರಿಂದ ಕರೆಂಟ್ ಹೋದ ಕೂಡಲೇ ಯಂತ್ರ ಮತ್ತು ಒಂದು ಎಲ್‌ಇಡಿ ಬಲ್ಬು ಬಿಟ್ಟು ಉಳಿದದ್ದನ್ನೆಲ್ಲ ಆರಿಸಿ. ಬ್ಯಾಟರಿಯ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ.

ಅಂಥ ಮನೆಯಲ್ಲಿ ಒಂದು ಸಿಲಿಂಡರ್ ತುಂಬಿಸಿಟ್ಟಿರುವುದು ಒಳ್ಳೆಯದು. 1,500 ಲೀಟರ್ ಆಕ್ಸಿಜನ್ ಇರುವ ಸಿಲಿಂಡರ್, ನಿಮಿಷಕ್ಕೆ 2 ಲೀಟರಿನಂತೆ ಸುಮಾರು 12 ಗಂಟೆ ಬರುತ್ತದೆ. ಎಷ್ಟು ಲೀಟರ್ ಕೊಡಬೇಕೆಂಬುದನ್ನು ವೈದ್ಯರೇ ಹೇಳಬೇಕು. ಸಿಲಿಂಡರಿನ ಹತ್ತಿರ ಒಲೆ, ದೀಪ, ಬೀಡಿ ಬೇಡ.

ಇನ್ಸುಲಿನ್ ಕೆಡದಂತೆ

ಕರೆಂಟ್ ಇಲ್ಲದಾಗ ಫ್ರಿಜ್ ಬಾಗಿಲು ತೆಗೆಯದಿದ್ದರೆ ಸುಮಾರು 4 ಗಂಟೆ ತಂಪು ಉಳಿಯುತ್ತದೆ. ಆಮೇಲೆ ನಮ್ಮ ಮಣ್ಣಿನ ಮಡಕೆ ಇದೆ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಮರಳು ತುಂಬಿ ನೀರು ಹಾಕಿ. ಸೀಸೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಒಳಗಿನ ಮಡಕೆಯಲ್ಲಿಡಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ, ನೆರಳಿನಲ್ಲಿಡಿ. ಐಸ್ ಮೇಲೆ ನೇರವಾಗಿ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸುವಂತಿಲ್ಲ.

ಜನರೇಟರ್: ಎರಡು ಎಚ್ಚರಿಕೆ

ಮಳೆ ಬರುತ್ತಿದೆಯೆಂದು ಜನರೇಟರನ್ನು ಮನೆಯೊಳಗೆ ಅಥವಾ ಕೊಟ್ಟಿಗೆಯೊಳಗೆ ಇಟ್ಟು ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಬಾಗಿಲು, ಕಿಟಕಿಗಳಿಂದ ದೂರ, ಮಳೆ ತಾಗದ ತೆರೆದ ಜಾಗದಲ್ಲೇ ಇರಲಿ.

ಜನರೇಟರಿನ ವೈರನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ಇಡೀ ಮನೆಗೆ ಕರೆಂಟ್ ಕೊಡುವ ಅಭ್ಯಾಸವೂ ಬೇಡ. ಆ ಕರೆಂಟ್ ಹಿಂದಕ್ಕೆ ಹರಿದು ಕಂಬದ ಮೇಲಿರುವ ಲೈನ್‌ಮ್ಯಾನ್ ಜೀವ ತೆಗೆಯಬಹುದು. ಎಲೆಕ್ಟ್ರಿಷಿಯನ್‌ನಿಂದ ಚೇಂಜ್‌ಓವರ್ ಸ್ವಿಚ್ ಹಾಕಿಸಿ.

ಸಂಘದಲ್ಲಿ ಏನು ಮಾಡಬಹುದು?

ಮುಂದಿನ ಸಭೆಯಲ್ಲಿ ನೀವೇ ಈ ಮಾತು ಎತ್ತಿ. ಆ ಮನೆಯವರ ಒಪ್ಪಿಗೆ ಪಡೆದು ಇಂಥ ಮನೆಗಳ ಪಟ್ಟಿ ಬರೆದಿಡಿ. ಪ್ರತಿ ಮನೆಗೂ ಹತ್ತಿರದ ಇಬ್ಬರನ್ನು ಗೊತ್ತುಮಾಡಿ. ಯಾರ ಮನೆಯಲ್ಲಿ ಇನ್ವರ್ಟರ್ ಇದೆ, ರಾತ್ರಿ ಆಸ್ಪತ್ರೆಗೆ ಕರೆದೊಯ್ಯಲು ಯಾರ ಗಾಡಿ ಸಿಗುತ್ತದೆ ಎಂಬುದನ್ನೂ ಬರೆಯಿರಿ. ಕೂಲರ್ ಜನರೇಟರ್ ಓಡುವ ಹೊತ್ತಿನಲ್ಲಿ ನೆಬ್ಯುಲೈಸರಿಗೆ, ಫೋನ್ ಚಾರ್ಜಿಗೆ ಒಂದು ಪಾಯಿಂಟ್ ಕೊಡಬಹುದೇ ಎಂದು ಆಡಳಿತ ಮಂಡಳಿಯನ್ನು ಕೇಳಿ. ಬ್ಯಾಟರಿ ಕೊಳ್ಳಲಾಗದ ಮನೆಗೆ ಸ್ತ್ರೀಶಕ್ತಿ ಗುಂಪಿನ ಸಾಲದಲ್ಲಿ ಮೊದಲ ಸರದಿ ಕೊಡಿ.

ವಿದ್ಯುತ್ ದೂರಿಗೆ 1912, ಆಂಬುಲೆನ್ಸ್‌ಗೆ 108. ಈ ಎರಡು ನಂಬರು ಡೇರಿಯ ಗೋಡೆಯ ಮೇಲೂ, ಆ ಮನೆಗಳ ಬಾಗಿಲ ಹಿಂದೆಯೂ ದೊಡ್ಡದಾಗಿ ಇರಲಿ.

ರಾತ್ರಿಯೆಲ್ಲ ಕರೆಂಟ್ ಇಲ್ಲದ ಬೆಳಗ್ಗೆ, ದಿನವೂ ಬರುವ ಒಂದು ಕ್ಯಾನು ಡೇರಿಗೆ ಬಂದಿಲ್ಲವೆಂದರೆ, ನಿಮ್ಮ ಹಾಲು ಅಳೆಸಿದ ಮೇಲೆ ಆ ಮನೆಯ ಬಾಗಿಲು ತಟ್ಟಿ ಹೋಗಿ.