ಒಂದೇ ವರದಿ, ಹಲವು ಅಳತೆಯ ಪುಟಗಳು

ಹಂಪಿಯಿಂದ ಸುಮಾರು 15 ಕಿ.ಮೀ. ದೂರದಲ್ಲಿರುವ ದರೋಜಿ ಕರಡಿಧಾಮದ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಬಂಡೆಗುಡ್ಡಗಳ ಈ ಕುರುಚಲು ಕಾಡನ್ನು 1994ರಲ್ಲಿ ಕರಡಿಗಳಿಗಾಗಿ ಮೀಸಲಿಡಲಾಯಿತು. 2009ರಲ್ಲಿ ಬುಕ್ಕಸಾಗರದ ಮೀಸಲು ಅರಣ್ಯವೂ ಸೇರಿ ಧಾಮದ ವಿಸ್ತೀರ್ಣ 82.72 ಚದರ ಕಿ.ಮೀ. ಆಯಿತು.

ಹೊಸಪೇಟೆಯ ಕೆಲವು ವಿದ್ಯಾರ್ಥಿಗಳು ಈ ಧಾಮದ ಅಂಚಿನ ಹಳ್ಳಿಗಳ ಬಗ್ಗೆ ಪ್ರತಿ ತಿಂಗಳೂ ಒಂದು ವರದಿ ತರುತ್ತಿದ್ದಾರೆ ಎಂದುಕೊಳ್ಳೋಣ. ಕರಡಿ ಕಂಡ ದಿನ, ಜಾಗ, ಆದ ಬೆಳೆಹಾನಿ ಇವೆಲ್ಲ ಗಣಕಯಂತ್ರದಲ್ಲಿ ದಾಖಲಾಗಿವೆ. ಅವರು ಬರೆದ ಪ್ರೋಗ್ರಾಮ್ ಈ ಅಂಕಿಅಂಶಗಳನ್ನು ಓದಿ, ಪಿಡಿಎಫ್ ರೂಪದಲ್ಲಿ ವರದಿಯನ್ನು ತಾನೇ ಸಿದ್ಧಮಾಡುತ್ತದೆ. ಬರಹದ ಪುಟಗಳಿಗೆ ಎ4 ಅಳತೆ, ಅಂದರೆ 210 ಮಿ.ಮೀ. ಅಗಲ, 297 ಮಿ.ಮೀ. ಎತ್ತರ ಸಾಕು. ತೊಡಕು ಬರುವುದು ನಕ್ಷೆಯ ಪುಟದಲ್ಲಿ.

ನಕ್ಷೆಯ ಪ್ರಮಾಣ 1:50,000 ಇರಲಿ. ಆಗ ಕಾಗದದ ಮೇಲಿನ 1 ಸೆಂ.ಮೀ. ನೆಲದ ಮೇಲೆ 500 ಮೀಟರ್. ಎ4 ಹಾಳೆಯ ಅಗಲದಲ್ಲಿ 10.5 ಕಿ.ಮೀ. ಮಾತ್ರ ಹಿಡಿಸುತ್ತದೆ. ಧಾಮದ ಜೊತೆಗೆ ಸುತ್ತಲಿನ ಊರು, ಕೆರೆ, ರಸ್ತೆಗಳನ್ನೂ ತೋರಿಸಬೇಕಾದರೆ ಎ3 ಹಾಳೆಯನ್ನು ಅಡ್ಡಲಾಗಿ ಬಳಸಬೇಕು. ಅದರಲ್ಲಿ 21 ಕಿ.ಮೀ. ಅಗಲ ಸಿಗುತ್ತದೆ.

ಇಲ್ಲಿ ಹಲವರು ಒಂದು ಸುಲಭದ ದಾರಿ ಹಿಡಿಯುತ್ತಾರೆ. ಎ3 ನಕ್ಷೆಯನ್ನೇ ಕುಗ್ಗಿಸಿ ಎ4 ಪುಟಕ್ಕೆ ಕೂರಿಸಿಬಿಡುತ್ತಾರೆ. ನೋಡಲು ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ಉದ್ದವೆಲ್ಲ 0.707ರಷ್ಟಕ್ಕೆ ಇಳಿದಿರುತ್ತದೆ. ಮೂಲೆಯಲ್ಲಿ ಅಚ್ಚಾದ '1:50,000' ಎಂಬ ಅಂಕಿ ಮಾತ್ರ ಹಾಗೆಯೇ ಉಳಿಯುತ್ತದೆ. ಅದನ್ನು ನಂಬಿ ಅಳೆದವನಿಗೆ 5 ಕಿ.ಮೀ. ಎಂದು ತೋರುವ ದಾರಿ ನಿಜದಲ್ಲಿ 7 ಕಿ.ಮೀ.ಗೂ ಹೆಚ್ಚು. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ 5 ಕಿ.ಮೀ.ಗೆ ಸಾಕಾಗುವಷ್ಟೇ ನೀರು ಒಯ್ದವನಿಗೆ, ಕತ್ತಲಾಗುವ ಮುನ್ನ ಊರು ಸೇರುವೆನೆಂದು ಹೊರಟವನಿಗೆ ಈ 2 ಕಿ.ಮೀ. ಸಣ್ಣ ವ್ಯತ್ಯಾಸವಲ್ಲ. ಕರಡಿಗಳು ಓಡಾಡಲು ಹೊರಡುವುದೂ ಸಂಜೆಯ ಹೊತ್ತಿನಲ್ಲೇ.

ಹಾಗಾದರೆ ಒಂದೇ ಪಿಡಿಎಫ್‌ನಲ್ಲಿ ಎರಡು ಅಳತೆಯ ಪುಟಗಳು ಇರಬಹುದೇ? ಖಂಡಿತ ಇರಬಹುದು. ಹಿಂದಿನ ಓಲೆಗರಿಯ ಕಟ್ಟನ್ನು ನೆನಪಿಸಿಕೊಳ್ಳಿ. ಎಲ್ಲ ಗರಿಗಳಿಗೂ ಒಂದೇ ದಾರ ಪೋಣಿಸಬೇಕಾದ್ದರಿಂದ ಅವೆಲ್ಲ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರುತ್ತಿದ್ದವು. ಅಡೋಬಿ ಸಂಸ್ಥೆ 1993ರಲ್ಲಿ ಹೊರತಂದ, 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಪಿಡಿಎಫ್‌ನಲ್ಲಿ ಅಂಥ ಕಟ್ಟುಪಾಡಿಲ್ಲ. ಇಲ್ಲಿ ಅಳತೆ ಎಂಬುದು ಇಡೀ ಪುಸ್ತಕದ ಗುಣವಲ್ಲ, ಒಂದೊಂದು ಪುಟದ ಗುಣ.

ಪ್ರತಿ ಪುಟದ ವಿವರದಲ್ಲೂ 'ಮೀಡಿಯಾಬಾಕ್ಸ್' ಎಂಬ ನಾಲ್ಕು ಸಂಖ್ಯೆಗಳ ಸಾಲು ಇರುತ್ತದೆ. ಮೊದಲೆರಡು ಪುಟದ ಕೆಳಗಿನ ಎಡಮೂಲೆಯನ್ನು, ಕೊನೆಯೆರಡು ಮೇಲಿನ ಬಲಮೂಲೆಯನ್ನು ಸೂಚಿಸುತ್ತವೆ. ಅಳೆಯುವ ಮಾನ ಪಾಯಿಂಟ್. 1 ಅಂಗುಲಕ್ಕೆ 72 ಪಾಯಿಂಟ್. ಈ ಲೆಕ್ಕದಲ್ಲಿ ಎ4 ಪುಟವೆಂದರೆ 0, 0, 595, 842. ಅಡ್ಡ ಎ3 ಎಂದರೆ 0, 0, 1191, 842. ಪುಟವೊಂದು ತನ್ನ ಅಳತೆಯನ್ನು ಹೇಳದಿದ್ದರೆ, ಪುಟಗಳ ಗುಂಪಿಗೆ ಕೊಟ್ಟ ಅಳತೆಯೇ ಅದಕ್ಕೂ ಅನ್ವಯಿಸುತ್ತದೆ. ತಾನೇ ಹೇಳಿದರೆ ಅದರ ಮಾತೇ ನಡೆಯುತ್ತದೆ.

ಪ್ರೋಗ್ರಾಮ್ ಬರೆಯುವಾಗ ಮೂರು ಎಚ್ಚರಿಕೆಗಳು ಬೇಕು. ಮೊದಲನೆಯದು, ಅಳತೆಯನ್ನು ಯಾವಾಗ ಹೇಳಬೇಕು ಎಂಬುದು. ಪಿಡಿಎಫ್ ತಯಾರಿಸುವ ಕೆಲವು ಸಾಧನಗಳಲ್ಲಿ ನಾವು ಹೇಳಿದ ಅಳತೆ ಈಗಿನ ಪುಟಕ್ಕೇ ತಗಲುತ್ತದೆ, ಕೆಲವುಗಳಲ್ಲಿ ಮುಂದಿನ ಪುಟದಿಂದ. ಇದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಎರಡನೆಯದು, ನಕ್ಷೆ ಮುಗಿದ ಕೂಡಲೇ ಮತ್ತೆ ಎ4 ಎಂದು ಹೇಳಬೇಕು. ಮರೆತರೆ ಉಳಿದ ಬರಹವೆಲ್ಲ ಎ3 ಹಾಳೆಗಳ ಮೇಲೇ ಬಂದೀತು. ಮೂರನೆಯದು, ಪುಟದ ಮೇಲಿನ ಸ್ಥಾನಗಳನ್ನು ಸ್ಥಿರ ಸಂಖ್ಯೆಗಳಲ್ಲಿ ಕೊಡಬಾರದು. ಎ4 ಪುಟದ ನಡುವಿನಲ್ಲಿ ಪುಟಸಂಖ್ಯೆ ಬರಲೆಂದು 297 ಎಂದು ಬರೆದಿಟ್ಟರೆ, 1191 ಪಾಯಿಂಟ್ ಅಗಲದ ಪುಟದಲ್ಲಿ ಅದು ಎಡಕ್ಕೆ ಸರಿದಿರುತ್ತದೆ. 'ಪುಟದ ಅಗಲದ ಅರ್ಧ' ಎಂದು ಬರೆದರೆ ಎಲ್ಲ ಪುಟಗಳಲ್ಲೂ ಸರಿಯಾಗಿಯೇ ಬರುತ್ತದೆ.

ಇನ್ನು ಅಚ್ಚು ಹಾಕುವಾಗ ಎ3 ಕಾಗದವನ್ನೇ ಬಳಸಬೇಕು. ಮುದ್ರಣದ ಆಯ್ಕೆಗಳಲ್ಲಿ 'ಹಾಳೆಗೆ ಹೊಂದಿಸು' ಎಂಬುದನ್ನು ಬಿಟ್ಟು 'ನಿಜ ಅಳತೆ' ಎಂಬುದನ್ನು ಆರಿಸಬೇಕು. ಇಲ್ಲದಿದ್ದರೆ ಪ್ರೋಗ್ರಾಮ್ ಕಾಪಾಡಿದ್ದನ್ನು ಮುದ್ರಣಯಂತ್ರ ಕೆಡಿಸುತ್ತದೆ. ಅಡ್ಡ ಎ3 ಹಾಳೆಯ ಎತ್ತರವೂ ಎ4 ಹಾಳೆಯ ಎತ್ತರವೂ ಒಂದೇ, 297 ಮಿ.ಮೀ. ಆದ್ದರಿಂದ ನಕ್ಷೆಯನ್ನು ನಡುವೆ ಒಮ್ಮೆ ಮಡಚಿದರೆ ವರದಿಯ ಉಳಿದ ಪುಟಗಳ ಅಳತೆಗೇ ಬರುತ್ತದೆ.

ಕೊನೆಯದಾಗಿ ಒಂದು ಉಪಾಯ. ನಕ್ಷೆಯ ಕೆಳಗೆ 10 ಸೆಂ.ಮೀ. ಉದ್ದದ ಗೆರೆ ಎಳೆದು '5 ಕಿ.ಮೀ.' ಎಂದು ಬರೆಯಿರಿ. ಯಾರಾದರೂ ನಕ್ಷೆಯನ್ನು ಕುಗ್ಗಿಸಿದರೂ ಗೆರೆಯೂ ಅದರೊಡನೆ ಕುಗ್ಗುತ್ತದೆ. ಹೀಗಾಗಿ ಗೆರೆಯನ್ನು ನೋಡಿ ದೂರ ತಿಳಿಯುವವನು ಮೋಸಹೋಗುವುದಿಲ್ಲ. ಅಚ್ಚಾದ ಹಾಳೆ ಕೈಗೆ ಬಂದೊಡನೆ ಆ ಗೆರೆಯ ಮೇಲೆ ಅಳತೆಪಟ್ಟಿ ಇಟ್ಟು ನೋಡಿ. 10 ಸೆಂ.ಮೀ. ಇದ್ದರೆ ನಿಮ್ಮ ನಕ್ಷೆ ಸರಿ. 7 ಸೆಂ.ಮೀ. ಇದ್ದರೆ ಎ3 ಪುಟ ದಾರಿಯಲ್ಲಿ ಎಲ್ಲೋ ಎ4 ಆಗಿದೆ. ಆ ಹಾಳೆಯನ್ನು ಯಾರ ಕೈಗೂ ಕೊಡಬೇಡಿ.