ದಿನಕ್ಕೆ ಹದಿಮೂರು ಮಕ್ಕಳು

2011ರ ಜನಗಣತಿಯ ಹೊತ್ತಿಗೆ ಬೆಂಗಳೂರಿನ ಬಿಬಿಎಂಪಿಯಲ್ಲಿ 198 ವಾರ್ಡು, 84 ಲಕ್ಷ ಜನ. ಭಾಗಿಸಿದರೆ ವಾರ್ಡಿಗೆ 42 ಸಾವಿರ ಚಿಲ್ಲರೆ. ಈ ಲೆಕ್ಕ ಇಟ್ಟುಕೊಂಡು ಮೂಡಲಪಾಳ್ಯ ಸರ್ಕಲ್ಲಿನಿಂದ ಹೊರಡಿ. ನಾಗರಬಾವಿ, ನಾಯಂಡಹಳ್ಳಿ, ಮಾರೇನಹಳ್ಳಿ, ಕಾವೇರಿಪುರ, ಅಗ್ರಹಾರ ದಾಸರಹಳ್ಳಿ ಹೀಗೆ ಸುತ್ತುತ್ತಾ ಹೆಚ್ಚುಕಮ್ಮಿ ಎಂಟು ವಾರ್ಡು ಮುಗಿಸಿ. ದಾರಿಯಲ್ಲಿ ಸಿಕ್ಕ ಒಬ್ಬೊಬ್ಬರೂ, ತರಕಾರಿ ಗಾಡಿಯವನು, ಆಟೋ ಡ್ರೈವರು, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹೆಂಗಸು, ಎಲ್ಲರೂ ಚಿಕ್ಕಂದಿನಲ್ಲಿ ಚರ್ಚಿನವರ ಕೈಯಲ್ಲೇ ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕವರು ಅಂದುಕೊಳ್ಳಿ. ಫ್ರಾನ್ಸ್ ಎಂಬ ಒಂದೇ ದೇಶದಲ್ಲಿ, 1950ರಿಂದ 2020ರ ಒಳಗೆ, ಅಷ್ಟು ಮಕ್ಕಳಿಗೆ ಹೀಗಾಗಿದೆ: ಅಂದಾಜು 3,30,000.

ಎಪ್ಪತ್ತು ವರ್ಷಕ್ಕೆ ಹಂಚಿದರೆ ದಿನಕ್ಕೆ ಹದಿಮೂರು ಮಗು. ಭಾನುವಾರವೂ ಬಿಡುವಿಲ್ಲ, ಕ್ರಿಸ್‌ಮಸ್ಸಿಗೂ ರಜೆಯಿಲ್ಲ.

ಈ ಅಂಕಿ ಯಾರೋ ಚರ್ಚ್ ವಿರೋಧಿಗಳು ಹುಟ್ಟಿಸಿದ್ದಲ್ಲ. ಫ್ರಾನ್ಸಿನ ಬಿಷಪ್ಪುಗಳೇ ನೇಮಿಸಿದ ಸ್ವತಂತ್ರ ಆಯೋಗ 2021ರ ಅಕ್ಟೋಬರ್ 5ರಂದು ಕೊಟ್ಟ ವರದಿಯಲ್ಲಿದೆ. ಅಧ್ಯಕ್ಷ ಜಾನ್ ಮಾರ್ಕ್ ಸೊವೆ ಆ ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯದ ಹುದ್ದೆಯಿಂದ ನಿವೃತ್ತರಾದವರು, ಸ್ವತಃ ಶ್ರದ್ಧಾವಂತ ಕ್ಯಾಥೊಲಿಕ್. ‘ಅನ್ಯಾಯಕ್ಕೊಳಗಾದವರು ಬಂದು ಹೇಳಿ’ ಎಂದು ಕರೆ ಕೊಟ್ಟು ತಿಂಗಳುಗಟ್ಟಲೆ ಕಾದಾಗ ಬಂದ ಫೋನು, ಕಾಗದ, ಮೇಲ್ ಎಲ್ಲ ಸೇರಿ 6,471. ಅಲ್ಲಿಗೇ ನಿಂತಿದ್ದರೆ ಅದೂ ಒಂದು ವರದಿಯಾಗುತ್ತಿತ್ತು, ಬಿಷಪ್ಪುಗಳು ಸಮಾಧಾನದ ಉಸಿರು ಬಿಡುತ್ತಿದ್ದರು. ಆಯೋಗ ಅಷ್ಟಕ್ಕೆ ಬಿಡದೆ ದೇಶದಾದ್ಯಂತ 28 ಸಾವಿರ ಜನರ ಸಮೀಕ್ಷೆ ಮಾಡಿಸಿತು. ಬಾಗಿಲಿಗೆ ಬಂದವರು ಸಾವಿರಗಳಲ್ಲಿದ್ದರೆ, ಬಾಗಿಲವರೆಗೆ ಬಾರದವರು ಲಕ್ಷಗಳಲ್ಲಿದ್ದರು.

ಇನ್ನೊಂದು ಭಾಗಾಕಾರ ಉಳಿದಿದೆ. 3,30,000ದಲ್ಲಿ ನೇರವಾಗಿ ಪಾದ್ರಿಗಳು, ಸನ್ಯಾಸಿ ಸಭೆಯವರಿಂದ ಕೆಟ್ಟದ್ದು ಕಂಡವರು 2,16,000. ತಪ್ಪಿತಸ್ಥರು ಕನಿಷ್ಠ 2,900ರಿಂದ 3,200. ಆ ಎಪ್ಪತ್ತು ವರ್ಷದಲ್ಲಿ ಸೇವೆಯಲ್ಲಿದ್ದ ಪಾದ್ರಿ, ಸನ್ಯಾಸಿಗಳು 1,15,000. ಎಂದರೆ ನೂರಕ್ಕೆ ಮೂವರೂ ಇಲ್ಲ. ‘ಎಲ್ಲೋ ನಾಲ್ಕು ಜನ ಕೆಟ್ಟವರು, ಅದಕ್ಕೆ ಇಡೀ ಚರ್ಚನ್ನು ಬೈಯಬೇಡಿ’ ಎನ್ನುವವರು ಹಿಡಿದುಕೊಳ್ಳುವುದು ಇದೇ ಅಂಕಿಯನ್ನು. ಆದರೆ 2,16,000ವನ್ನು ಈ ತಪ್ಪಿತಸ್ಥರ ಸಂಖ್ಯೆಯಿಂದ ಭಾಗಿಸಿ ನೋಡಿ: ತಲೆಗೆ ಸುಮಾರು ಎಪ್ಪತ್ತು ಮಕ್ಕಳವರೆಗೆ. ಒಬ್ಬ ಮನುಷ್ಯ ಎಪ್ಪತ್ತನೆಯ ಮಗುವಿನವರೆಗೆ ಹೋಗಬೇಕಾದರೆ, ಐದನೆಯದರ ಹೊತ್ತಿಗೆ, ಹತ್ತನೆಯದರ ಹೊತ್ತಿಗೆ ಗೊತ್ತಾಗಿಯೂ ಸುಮ್ಮನಿದ್ದ ದೊಡ್ಡವರು ಎಷ್ಟು ಜನರಿರಬೇಕು? ದೂರು ಬಂದ ಪಾದ್ರಿಯನ್ನು ಬೇರೆ ಊರಿಗೆ ವರ್ಗ ಮಾಡಿ ಕೈತೊಳೆದುಕೊಂಡವರು ಎಷ್ಟು? ಆ ಎಣಿಕೆ ಯಾವ ವರದಿಯಲ್ಲೂ ಇಲ್ಲ. ನನ್ನನ್ನು ಕೇಳಿದರೆ ಅದೇ ಎಲ್ಲಕ್ಕಿಂತ ದೊಡ್ಡ ಸಂಖ್ಯೆ.

ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಅದೇ ಸಮೀಕ್ಷೆಯ ಪ್ರಕಾರ ಫ್ರಾನ್ಸಿನಲ್ಲಿ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಕಂಡವರು ಒಟ್ಟು 55 ಲಕ್ಷ. ಅದರಲ್ಲಿ ಚರ್ಚಿನ ಪಾಲು ನೂರಕ್ಕೆ ಆರು. ಮನೆಯೊಳಗೆ, ನಂಟರಿಷ್ಟರ ನಡುವೆ ನಡೆದದ್ದೇ ಹೆಚ್ಚು. ಆದರೆ ಯಾವ ಚಿಕ್ಕಪ್ಪನೂ ದೇವರ ಪ್ರತಿನಿಧಿ ಎಂದು ಹೇಳಿಕೊಂಡು ಮನೆಗೆ ಬರುವುದಿಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೆ ಯುರೋಪಿನ ಜನ ಏನು ಮಾಡಿದರು? ಬಹುಪಾಲು ಜನ ಮೊದಲೇ ಅರ್ಧ ಹೊರಗಿದ್ದರು. 2017ರಲ್ಲಿ ಪ್ಯೂ ಸಮೀಕ್ಷಾ ಸಂಸ್ಥೆ ಪಶ್ಚಿಮ ಯುರೋಪಿನ 15 ದೇಶಗಳಲ್ಲಿ ವಿಚಾರಿಸಿದಾಗ, ಕ್ರೈಸ್ತರು ಎಂದುಕೊಂಡರೂ ಚರ್ಚಿಗೆ ವರ್ಷಕ್ಕೆ ಹೆಚ್ಚೆಂದರೆ ಕೆಲವೇ ಸಲ ಹೋಗುವವರು ನೂರಕ್ಕೆ 46, ತಿಂಗಳಿಗೊಮ್ಮೆಯಾದರೂ ಹೋಗುವವರು 18. ಕೇಕು, ಕ್ಯಾರಲ್ಲು, ಮದುವೆ, ಮಣ್ಣು ಇಷ್ಟಕ್ಕೆ ಕ್ರೈಸ್ತರು. ಜರ್ಮನಿಯಲ್ಲಿ ಚರ್ಚ್ ಬಿಡುವವರು ಸರ್ಕಾರಿ ಕಚೇರಿಗೆ ಹೋಗಿ ಬರೆದುಕೊಡಬೇಕು. ಚರ್ಚ್ ತೆರಿಗೆ ಉಳಿಯುತ್ತದೆಂದು ಬಿಡುವವರೂ ಉಂಟು. 2022ರ ಒಂದೇ ವರ್ಷದಲ್ಲಿ ಹೀಗೆ ಬರೆದುಕೊಟ್ಟ ಕ್ಯಾಥೊಲಿಕರು 5,22,821. ನಮ್ಮ ಇಡೀ ಕರ್ನಾಟಕದ ಕ್ರೈಸ್ತರು, ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಪಂಗಡ ಸೇರಿ, 2011ರ ಗಣತಿಯಲ್ಲಿ 11,42,647. ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಒಂದು ವರ್ಷದಲ್ಲಿ ಎದ್ದು ಹೋದ ಹಾಗಾಯಿತು.

ಹೋದವರನ್ನು ನಾನು ದೂರುವುದಿಲ್ಲ. ಆದರೆ ಎದ್ದು ಹೋದವನು ಲೆಕ್ಕ ಕೇಳುವುದಿಲ್ಲ, ಹಬ್ಬಕ್ಕೆ ಮಾತ್ರ ಬರುವವನೂ ಕೇಳುವುದಿಲ್ಲ. ಕೇಳುವವರು ಒಳಗೇ ಉಳಿದವರು. 2018ರ ಸೆಪ್ಟೆಂಬರ್ 8. ಮೇರಿಯಮ್ಮನ ಹಬ್ಬ. ಪ್ರತಿ ವರ್ಷದಂತೆ ಶಿವಾಜಿನಗರದ ಬೆಸಿಲಿಕಾ ಬಳಿ ಕಾವಿ ಸೀರೆ ಉಟ್ಟ ಹೆಂಗಸರು, ಮೇಣದಬತ್ತಿ, ತೇರು, ಜಾತಿ ಧರ್ಮ ನೋಡದ ಜನಸಾಗರ. ಅದೇ ದಿನ ಕೊಚ್ಚಿಯಲ್ಲಿ ಹೈಕೋರ್ಟ್ ಹತ್ತಿರದ ಬೀದಿಯಲ್ಲಿ ಐದು ಮಂದಿ ಕ್ರೈಸ್ತ ಸನ್ಯಾಸಿನಿಯರು, ತೊಟ್ಟ ನಿಲುವಂಗಿಯಲ್ಲೇ, ಧರಣಿ ಕೂತರು. ತಮ್ಮ ಸೋದರಿ ಸನ್ಯಾಸಿನಿ ಜಲಂಧರ್ ಬಿಷಪ್ ಫ್ರಾಂಕೊ ಮುಲಕ್ಕಲ್ ವಿರುದ್ಧ ಕೊಟ್ಟ ಅತ್ಯಾಚಾರದ ದೂರಿಗೆ ತಿಂಗಳುಗಳಾದರೂ ಬಂಧನವಿಲ್ಲ ಎಂಬುದು ಅವರ ಅಳಲು. ಎರಡು ವಾರದಲ್ಲಿ ಬಂಧನವಾಯಿತು. 2022ರ ಜನವರಿಯಲ್ಲಿ ಕೋರ್ಟು ಬಿಷಪ್ಪರನ್ನು ಖುಲಾಸೆ ಮಾಡಿತು, 2023ರಲ್ಲಿ ಅವರು ಹುದ್ದೆ ಬಿಟ್ಟರು. ತೀರ್ಪು ಏನೇ ಇರಲಿ, ಬೀದಿಗೆ ಬಂದವರು ನಂಬಿಕೆ ಕಳೆದುಕೊಂಡವರಲ್ಲ. ಬದುಕನ್ನೇ ನಂಬಿಕೆಗೆ ಕೊಟ್ಟವರು.

ನಮ್ಮ ಕರ್ನಾಟಕದಲ್ಲೂ ಹಾಗೇ. 2019ರಲ್ಲಿ ಮೈಸೂರು ಧರ್ಮಕ್ಷೇತ್ರದ 37 ಪಾದ್ರಿಗಳು ತಮ್ಮ ಬಿಷಪ್ ಕೆ.ಎ. ವಿಲಿಯಂ ಮೇಲೆ ಗಂಭೀರ ಆರೋಪ ಹೊರಿಸಿ ಪತ್ರ ಬರೆದರು. ಬಿಷಪ್ ಎಲ್ಲವನ್ನೂ ಅಲ್ಲಗಳೆದರು. ವ್ಯಾಟಿಕನ್ ಅವರನ್ನು ರಜೆಯ ಮೇಲೆ ಕಳಿಸಿ, ನಿವೃತ್ತ ಆರ್ಚ್‌ಬಿಷಪ್ ಬರ್ನಾರ್ಡ್ ಮೊರಾಸ್ ಕೈಗೆ ಆಡಳಿತ ಕೊಟ್ಟಿದ್ದು 2023ರ ಜನವರಿಯಲ್ಲಿ. 37 ಪಾದ್ರಿಗಳ ಮಾತು ರೋಮಿಗೆ ಮುಟ್ಟಿ ಉತ್ತರ ಬರುವುದಕ್ಕೇ ಮೂರು ವರ್ಷಕ್ಕೂ ಹೆಚ್ಚು ಹಿಡಿದರೆ, ಹನ್ನೊಂದು ವರ್ಷದ ಒಂದು ಮಗುವಿನ ಮಾತಿಗೆ ಎಷ್ಟು ಹಿಡಿಯಬಹುದು?

ನಮ್ಮ ದೇಶದಲ್ಲಿ ಫ್ರಾನ್ಸಿನಂಥ ಎಣಿಕೆ ನಡೆದೇ ಇಲ್ಲ. ಬೇರೆ ಎಣಿಕೆಗೆ ಮಾತ್ರ ಉತ್ಸಾಹ ಕಮ್ಮಿಯಿಲ್ಲ. ಸೊವೆ ವರದಿ ಬಂದ ಅದೇ 2021ರ ಅಕ್ಟೋಬರಿನಲ್ಲಿ ನಮ್ಮ ವಿಧಾನಮಂಡಲದ ಸಮಿತಿಯೊಂದು ರಾಜ್ಯದ ಚರ್ಚುಗಳ, ಪಾದ್ರಿಗಳ ಸಮೀಕ್ಷೆ ಮಾಡಿ ಎಂದಿತು. ಅದು ಮಕ್ಕಳಿಗಾಗಿ ಅಲ್ಲ, ಮತಾಂತರದ ಗುಮಾನಿಗಾಗಿ. ಇಂಥದ್ದರಿಂದ ಆಗುವ ನಷ್ಟ ನೋಡಿ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ದಾಳಿಯಾದದ್ದನ್ನು ಕಂಡ ಸಮುದಾಯ ಕ್ರೈಸ್ತರದು, ರಾಜ್ಯದಲ್ಲಿ ನೂರಕ್ಕೆ ಇಬ್ಬರಿಗಿಂತ ಕಮ್ಮಿ. ಅಂಥ ಕಡೆ ಹುಡುಗಿಯೊಬ್ಬಳು ಪಾದ್ರಿಯ ಮೇಲೆ ದೂರು ತಂದರೆ ತಾಯಿಯ ಬಾಯಿಂದಲೇ ಬರುವ ಮಾತು, ‘ಸುಮ್ನಿರಮ್ಮ, ಹೊರಗಿನವರು ಆಡ್ಕೋತಾರೆ.’ ಹೊರಗಿನ ಕಲ್ಲು ಒಳಗಿನ ತಪ್ಪಿತಸ್ಥನಿಗೆ ಗೋಡೆಯಾಗುತ್ತದೆ.

ಸೇವೆಯನ್ನೂ ಹೀಗೇ ಅಡ್ಡ ಹಿಡಿಯುತ್ತಾರೆ. ಮೂಡಲಪಾಳ್ಯದವರು ದಿನಾ ದಾಟುವ ಸುಮನಹಳ್ಳಿ ಜಂಕ್ಷನ್ನಿನ ಹೆಸರು ಬಂದದ್ದು, 1970ರ ದಶಕದಲ್ಲಿ ಕುಷ್ಠರೋಗಿಗಳಿಗಾಗಿ ಕ್ರೈಸ್ತರು ಸರ್ಕಾರದ ಜೊತೆಗೂಡಿ ಕಟ್ಟಿದ ಕೇಂದ್ರದಿಂದ. ಯಾರೂ ಮುಟ್ಟದವರನ್ನು ಮುಟ್ಟಿ ತೊಳೆದ ಆ ಕೆಲಸಕ್ಕೆ ಕೈ ಮುಗಿಯಬೇಕು. ಅಲ್ಲಿ ಒಬ್ಬರು ಗಳಿಸಿದ ಪುಣ್ಯವನ್ನು ಇನ್ನೆಲ್ಲೋ ಇನ್ನೊಬ್ಬ ಮಾಡಿದ ಪಾಪಕ್ಕೆ ಜಮಾ ಮಾಡಿಕೊಳ್ಳಲು ಮಾತ್ರ ಬರುವುದಿಲ್ಲ.

ಲೆಕ್ಕ ಇಡುವುದು ಚರ್ಚಿಗೆ ಬಾರದ ವಿದ್ಯೆಯಲ್ಲ. ಎಷ್ಟೋ ಚರ್ಚುಗಳ ನೋಟಿಸ್ ಬೋರ್ಡ್ ನೋಡಿ: ಕಳೆದ ಭಾನುವಾರದ ಕಾಣಿಕೆ ರೂಪಾಯಿಗೆ ರೂಪಾಯಿ ಬರೆದಿರುತ್ತದೆ, ಹಾಜರಿ, ದೀಕ್ಷಾಸ್ನಾನ, ಕಟ್ಟಡ ನಿಧಿಗೆ ಬಂದದ್ದು, ಬರಬೇಕಾದದ್ದು. ಮಕ್ಕಳ ಲೆಕ್ಕ ತೆಗೆದರೆ ಏನಾಗುತ್ತದೆಂದು ಫ್ರಾನ್ಸ್ ತೋರಿಸಿತು: ಎಣಿಕೆ ಮುಗಿದ ಸುಮಾರು ಒಂದೇ ತಿಂಗಳಲ್ಲಿ ಬಿಷಪ್ಪುಗಳು ಲೂರ್ದಿನಲ್ಲಿ ಮಂಡಿಯೂರಿ ಪ್ರಾಯಶ್ಚಿತ್ತ ಮಾಡಿದರು, ಹೊಣೆ ಸಂಸ್ಥೆಯದೇ ಎಂದು ಒಪ್ಪಿದರು, ಪರಿಹಾರಕ್ಕೆ ವ್ಯವಸ್ಥೆ ಮಾಡಿದರು.

ಇಲ್ಲಿ ಅಷ್ಟು ದೊಡ್ಡ ಆಯೋಗ ಬರುವವರೆಗೆ ಕಾಯಬೇಕಿಲ್ಲ. 2012ರಿಂದ ಪೋಕ್ಸೊ ಕಾಯ್ದೆ ಇದೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯವಾದದ್ದು ಗೊತ್ತಾದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಪಾದ್ರಿಗೆ, ಬಿಷಪ್ಪಿಗೆ, ಪಾಸ್ಟರಿಗೆ ಅದರಲ್ಲಿ ವಿನಾಯಿತಿ ಬರೆದಿಲ್ಲ. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು, ಕೈಕೆಳಗಿನವನ ತಪ್ಪನ್ನು ಸಂಸ್ಥೆಯ ಮುಖ್ಯಸ್ಥ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ನೀವು ಮಾಳಿಗೆ ಮೇಲಿನ ಬಾಡಿಗೆ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಆರಾಧನೆ ನಡೆಸುವ ಸಣ್ಣ ಸಭೆಯವರಾಗಿರಿ, ದೊಡ್ಡ ಗೋಪುರದ ಚರ್ಚಿನವರಾಗಿರಿ, ಬರುವ ಭಾನುವಾರ ನೋಟಿಸ್ ಬೋರ್ಡಿನ ಮುಂದೆ ನಿಂತು ಕೇಳಿ: ಮಕ್ಕಳ ದೂರು ಯಾರಿಗೆ ಕೊಡಬೇಕು? ಅವರ ಹೆಸರು, ಫೋನ್ ನಂಬರು, ಪಕ್ಕದಲ್ಲಿ ಮಕ್ಕಳ ಸಹಾಯವಾಣಿ 1098 ಇಲ್ಲಿ ಯಾಕಿಲ್ಲ? ಉತ್ತರ ಬರುವವರೆಗೆ ಕೇಳುತ್ತಲೇ ಇರಿ.